ಕಾಲಿಗೆ ಕಟ್ಟುವ ಅತ್ತೆ

ನಮ್ಮ ಎರಕದ ಕಾರ್ಖಾನೆಯಲ್ಲಿ ಕಾಲಿಗೆ ಕಟ್ಟುವ ಚರ್ಮದ ಕವಚಕ್ಕೆ ‘ಅತ್ತೆ’ ಎಂದು ಹೆಸರು. ಮೊಣಕಾಲಿನಿಂದ ಬೂಟಿನ ಮೇಲಿನವರೆಗೆ ಬರುವ ದಪ್ಪ ಚರ್ಮ, ಹಿಂದೆ ಕಟ್ಟಲು ಎರಡು ಲಾಡಿ. ಕರಗಿದ ಕಬ್ಬಿಣ ಹೊಯ್ಯುವವರೆಲ್ಲ ‘ಅತ್ತೆ ಎಲ್ಲಿ, ಅತ್ತೆ ಕೊಡು’ ಎಂದೇ ಕೇಳುವುದು. ಸ್ಟೋರಿನ ಚೀಟಿಯಲ್ಲೂ ಹಾಗೇ ಬರೆಯುತ್ತಾರೆ. ಕೇಳಿ ಕೇಳಿ ಈಗ ಯಾರಿಗೂ ನಗು ಬರುವುದಿಲ್ಲ.

ಹೊಸದಾಗಿ ಬಂದ ಸೇಫ್ಟಿ ಆಫೀಸರ್ ಹುಡುಗಿಗೆ ಮಾತ್ರ ಬಂತು. ಹೊಸ ಕೆಲಸಗಾರರಿಗೆ ಕೊಡುವ ಕೈಪಿಡಿಯಲ್ಲಿ ಈ ಪದದ ಅರ್ಥ, ಮೂಲ ಎರಡೂ ಬರೆಯಬೇಕಂತೆ. ಯಾರನ್ನು ಕೇಳಿದರೂ ನನ್ನ ಕಡೆ ಬೆರಳು ತೋರಿಸಿದರು, ಹಾಳಾದವರು. ಮೊದಲ ಜೋಡಿ ಹೊಲಿದವರು ನಮ್ಮತ್ತೆ, ಕಟ್ಟಿಕೊಂಡವನು ನಾನು. ಅಷ್ಟು ಬರೆದುಕೊಂಡು ಹೋಗಮ್ಮ ಎಂದೆ. ಅವಳು ಕೇಳಬೇಕಲ್ಲ! ಹೊಲಿದವರನ್ನೇ ನೋಡಬೇಕೆಂದು ಭಾನುವಾರ ಮಧ್ಯಾಹ್ನ ಮನೆಗೇ ಬಂದುಬಿಟ್ಟಳು. ನನಗೆ ಅದೇ ಬೇಡವಾಗಿತ್ತು.

ಯಾಕೆಂದರೆ ಆ ಹೆಸರು ಪ್ರೀತಿಯಿಂದ ಬಂದದ್ದಲ್ಲ. ಮೂವತ್ತು ವರ್ಷದ ಹಿಂದೆ ನಾನು ಹೊಸ ಅಳಿಯ. ಆಗ ಕಂಪನಿ ಕೊಡುತ್ತಿದ್ದ ಕವಚಕ್ಕೆ ಸಾಲಾಗಿ ಬಕಲ್ಲುಗಳಿದ್ದವು. ಕಿಡಿ ಒಳಗೆ ಬಿದ್ದರೆ ಬಿಚ್ಚುವಷ್ಟರಲ್ಲಿ ಕಾಲು ಸುಟ್ಟಿರುತ್ತಿತ್ತು. ಚೀಲ ಹೊಲಿದು ಬದುಕುತ್ತಿದ್ದ ಅತ್ತೆ ಈ ಮಾತು ಕೇಳಿ, ಒಂದೇ ಎಳೆತಕ್ಕೆ ಗಂಟು ಬಿಚ್ಚುವ ಹಾಗೆ ಲಾಡಿ ಇಟ್ಟು ಒಂದು ಜೋಡಿ ಹೊಲಿದುಕೊಟ್ಟರು. ಬೇಡ ಎನ್ನಲು ಬಾಯಿ ಬರಲಿಲ್ಲ. ಕಟ್ಟಿಕೊಂಡು ಹೋದರೆ, ಅತ್ತೆ ಹೊಲಿದದ್ದೆಂದು ಎಲ್ಲರೂ ಹಲ್ಲು ಕಿರಿದರು. ಮಾನ ಉಳಿಸಿಕೊಳ್ಳಲು ನಾನೇ ಶುರುಮಾಡಿದೆ: ಭಾರ, ಸೆಕೆ, ಹಿಡಿದರೆ ಬಿಡುವುದಿಲ್ಲ, ಥೇಟ್ ನಮ್ಮತ್ತೆ ಎಂದೆ. ಬಿದ್ದು ಬಿದ್ದು ನಕ್ಕರು. ಹೆಸರು ಅಂಟಿಕೊಂಡಿತು.

ಅತ್ತೆಗೆ ಮಾತ್ರ ಅದು ಗೌರವದ ಹೆಸರೆಂದೇ ನಂಬಿಕೆ. ಬಂದವರ ಹತ್ತಿರವೆಲ್ಲ ಹೇಳಿಕೊಂಡು ಹಿಗ್ಗುತ್ತಿದ್ದರು. ಅವರೆಂದರೆ ನನಗೆ ಈಗ ಪ್ರಾಣ. ಆ ಹಿಗ್ಗನ್ನು ನನ್ನ ಕೈಯಾರೆ ಹೇಗೆ ಕಿತ್ತುಕೊಳ್ಳಲಿ?

ಹುಡುಗಿ ಹೊಲಿಗೆ ಮೆಷಿನ್ ಪಕ್ಕ ಕೂತು ಪುಸ್ತಕ ತೆರೆದಳು. ಅತ್ತೆ ಮೇಣ ಹಚ್ಚಿದ ದಾರ ಬದಿಗಿಟ್ಟು, ಅದು ಅಳಿಯಂದಿರು ಪ್ರೀತಿಯಿಂದ ಇಟ್ಟ ಹೆಸರು ಎಂದರು. ಅವಳು ಹಾಗೇ ಬರೆದುಕೊಳ್ಳತೊಡಗಿದಳು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಮುಗಿಯುತ್ತಿತ್ತು. ಆದರೆ ಆ ಸುಳ್ಳು ಅಚ್ಚಾಗಿ ಬರುತ್ತದೆ, ಅತ್ತೆ ಅದನ್ನು ಕಣ್ಣಿಗೊತ್ತಿಕೊಂಡು ಓದುತ್ತಾರೆ, ನಾನು ಎದುರಿಗೆ ಕೂತು ನೋಡಬೇಕು. ತಡೆಯಲಾಗಲಿಲ್ಲ.

‘ಅದು ನಿಮ್ಮನ್ನ ಆಡ್ಕೊಂಡು ಇಟ್ಟ ಹೆಸರು, ಅತ್ತೆ’ ಎಂದೆ. ‘ಇಟ್ಟೋನು ನಾನೇ.’

ಎಲ್ಲ ಹೇಳಿದೆ. ಹನ್ನೊಂದು ದಿನ ಅದೇ ಮಾತಿಗೆ ಜನರನ್ನು ನಗಿಸಿದ್ದು, ಹನ್ನೆರಡನೆಯ ದಿನ ಕಬ್ಬಿಣ ಚೆಲ್ಲಿ ಕಾಲ ಮೇಲೆ ಬಿದ್ದದ್ದು, ಲಾಡಿ ಎಳೆದ ತಕ್ಷಣ ಉರಿಯುವ ಕವಚ ಕಳಚಿಕೊಂಡದ್ದು. ನಕ್ಕವರೆಲ್ಲ ಮರುದಿನ ತಮಗೂ ಒಂದು ಅತ್ತೆ ಬೇಕೆಂದು ನನ್ನ ಬೆನ್ನು ಬಿದ್ದದ್ದು. ಗಾಬರಿಯಾಗುತ್ತಾರೆಂದು ಆ ಅಪಘಾತವನ್ನೂ ಅತ್ತೆಗೆ ಹೇಳಿರಲಿಲ್ಲ. ಮೊದಲ ಜೋಡಿ ಕಳೆದುಹೋಯಿತು ಎಂದು ಬೊಗಳೆ ಬಿಟ್ಟಿದ್ದೆ.

ಹುಡುಗಿ ಪೆನ್ನು ಹಿಡಿದುಕೊಂಡು ಇಬ್ಬರ ಮುಖವನ್ನೂ ನೋಡುತ್ತಿದ್ದಳು. ಅತ್ತೆ ಅವಳ ಕಡೆ ತಿರುಗಿದರು.

‘ಆಡ್ಕೊಂಡಿದ್ದನ್ನೇ ಮೊದ್ಲು ಬರಿಯಮ್ಮ. ಅದಿಲ್ದಿದ್ರೆ ಉಳಿದಿದ್ದನ್ನ ಯಾರು ನಂಬ್ತಾರೆ?’

ಆಮೇಲೆ ನನಗೆ ಪ್ಯಾಂಟು ಮೇಲೆತ್ತಲು ಹೇಳಿದರು. ನಾಚಿಕೆಯಿಂದ ಕುಗ್ಗಿಹೋಗಿ ಎತ್ತಿದೆ. ಅತ್ತೆ ಕನ್ನಡಕ ಸರಿಮಾಡಿಕೊಂಡು ಬಗ್ಗಿ, ಮೊಣಕಾಲಿನಿಂದ ಪಾದದವರೆಗೆ ನಿಧಾನವಾಗಿ ಬೆರಳಾಡಿಸಿ ನೋಡಿದರು. ಎರಡು ಕಾಲನ್ನೂ ನೋಡಿದರು.

‘ಒಂದು ಕಲೆ ಇಲ್ಲ’ ಎಂದರು. ‘ಇನ್ನೂ ಎಷ್ಟು ಬೇಕಾದ್ರೂ ಆಡ್ಕೊಳ್ಳಿ.’