ಟ್ರಯಲ್ ಗುಂಡು

ನನ್ನ ಗಂಡ ಆರ್ವಿಡ್ ಹೊಡೆಯುವ ಮೊದಲ ಗುಂಡು ಯಾವತ್ತೂ ಲೆಕ್ಕಕ್ಕೆ ಬರುತ್ತಿರಲಿಲ್ಲ. ಅದು ಟ್ರಯಲ್.

ಆ ಬೇಸಿಗೆಯಿಡೀ ಭಾನುವಾರ ಬಂತೆಂದರೆ ಊರಾಚೆಯ ಶೂಟಿಂಗ್ ರೇಂಜಿನಲ್ಲಿ ಇದೇ ಆಟ. ಅವನು ಚಾಪೆಯ ಮೇಲೆ ಬೋರಲು ಮಲಗಿ ಹೊಸ ಬಂದೂಕಿಗೆ ಕೆನ್ನೆ ಆನಿಸುತ್ತಿದ್ದ. ಎಂಟುನೂರು ಗಜದಾಚೆ ದಿಬ್ಬದ ಬುಡದಲ್ಲಿ ಸರಪಳಿಗೆ ನೇತುಬಿಟ್ಟ ಉಕ್ಕಿನ ತಟ್ಟೆ. ಗುಂಡು ಎಲ್ಲಿ ಬಿತ್ತೆಂದು ದುರ್ಬೀನಿನಲ್ಲಿ ನೋಡಿ ಹೇಳುವುದು ನನ್ನ ಕೆಲಸ.

"ಎಡಕ್ಕೆ ಹೋಯ್ತು. ಒಂದು ಮೊಳ."

"ಟ್ರಯಲ್ ಅದು," ಎನ್ನುತ್ತ ಬಂದೂಕಿನ ಮೇಲಿನ ಗುರಿ ಸರಿಪಡಿಸುವ ತಿರುಪು ತಿರುಗಿಸುತ್ತಿದ್ದ. ಎರಡನೆಯದು ತಟ್ಟೆಯ ಅಂಚು ಸವರಿ ಹೋಗುತ್ತಿತ್ತು. ಮೂರನೆಯದಕ್ಕೆ ದೂರದಿಂದ ಠಣ್ ಎಂಬ ಸದ್ದು ಸಾವಕಾಶವಾಗಿ ತೇಲಿ ಬರುತ್ತಿತ್ತು. ಆಮೇಲೆ ಠಣ್, ಠಣ್, ಠಣ್. ಅವನ ಗೆಳೆಯ ಡ್ಯುವೇನ್ ಕಾಫಿ ಲೋಟ ಕೆಳಗಿಟ್ಟು ಚಪ್ಪಾಳೆ ತಟ್ಟುತ್ತಿದ್ದ.

"ನೋಡಿದ್ಯಾ ಲಿನೆಟ್, ನಿನ್ ಗಂಡನ ಕೈ! ಈ ಸಲ ಎಲ್ಕ್ ಕಡವೆ ನಿಮ್ಮನೆ ಬಾಗಿಲಿಗೇ ಬಂದ್ ಬೀಳತ್ತೆ."

"ಮೊದಲನೇದು ಟ್ರಯಲ್ ಅಂತ ಆ ಎಲ್ಕ್‌ಗೆ ಯಾರು ಹೇಳ್ತಾರೆ? ನೀನಾ?" ಎಂದೆ.

ಇಬ್ಬರೂ ಬಿದ್ದು ಬಿದ್ದು ನಕ್ಕರು. ನಾನು ತಮಾಷೆಗೆ ಕೇಳಿರಲಿಲ್ಲ.

ನನ್ನದು ಮಾಂಸ ಕತ್ತರಿಸುವ ಕಸುಬು. ಮೊಂಟಾನಾದ ಈ ಕಣಿವೆಯಲ್ಲಿ ಬೇಟೆಯ ಕಾಲ ಶುರುವಾದರೆ ನಮ್ಮ ಮನೆ ಹಿಂದಿನ ಶೆಡ್ಡಿನ ಕೊಕ್ಕೆಗಳು ಖಾಲಿ ಇರುವುದಿಲ್ಲ. ಕುದುರೆಯಷ್ಟು ಎತ್ತರದ ಎಲ್ಕ್ ಕಡವೆಗಳನ್ನು ತಂದು ಇಳಿಸಿ ಹೋಗುತ್ತಾರೆ. ಚರ್ಮ ಸುಲಿದರೆ ಸಾಕು, ಹೊಡೆದವನು ಎಂಥವನೆಂದು ನನಗೆ ಗೊತ್ತಾಗುತ್ತದೆ. ಹತ್ತಿರ ಹೋಗಿ ಶ್ವಾಸಕೋಶಕ್ಕೆ ಒಂದೇ ಏಟು ಹಾಕಿದ್ದರೆ ಮಾಂಸದಿಂದ ಹುಲ್ಲಿನ ವಾಸನೆ ಬರುತ್ತದೆ. ದೂರದಿಂದ ಹೊಟ್ಟೆಗೆ ಬಿಟ್ಟಿದ್ದರೆ ಬರುವ ವಾಸನೆಯನ್ನು ಊಟದ ಹೊತ್ತಿನಲ್ಲಿ ನೆನೆಯಬಾರದು. ಈಚೀಚೆಗೆ ಅಂಥವೇ ಹೆಚ್ಚು. ದುಬಾರಿ ಬಂದೂಕು ಕೊಂಡು ಆಚೆ ಗುಡ್ಡದಿಂದ ಈಚೆ ಗುಡ್ಡಕ್ಕೆ ಹೊಡೆಯುವುದು, ಹೊಡೆದು ಬಡಾಯಿ ಕೊಚ್ಚುವುದು. ಥೂ, ಅವರ ಮುಖ ನೋಡಿದರೇ ನನಗೆ ಹೇಸಿಗೆ.

ಆರ್ವಿಡ್ ಅಂಥವನಾಗಿರಲಿಲ್ಲ. ನಾನು ಮದುವೆಯಾದ ಆರ್ವಿಡ್ ಬೆಳಗಿನ ಹೊತ್ತೆಲ್ಲ ಗಾಳಿಗೆ ಎದುರಾಗಿ ಹೊಟ್ಟೆಯ ಮೇಲೆ ತೆವಳುತ್ತಿದ್ದ. ಎಷ್ಟೋ ಸಲ ಬರಿಗೈಲಿ ಮನೆಗೆ ಬಂದು, "ನನ್ ವಾಸನೆ ಹಿಡಿದುಬಿಡ್ತು ಕಣೇ, ಜಾಣೆ ಅದು," ಎಂದು ಎಲ್ಕನ್ನೇ ಹೊಗಳುತ್ತಿದ್ದ. ಈಗ ಮಂಡಿ ಎರಡೂ ಹೋಗಿವೆ. ಇಳಿಜಾರು ಕಂಡರೆ ಮುಖ ಕಿವುಚುತ್ತಾನೆ. ಎಷ್ಟೋ ವರ್ಷ ಕಾದ ಮೇಲೆ ಊರ ಹಿಂದಿನ ಕಮರಿಯಲ್ಲಿ ಒಂದು ಎಲ್ಕ್ ಹೊಡೆಯಲು ಬೇಟೆ ಇಲಾಖೆ ಕೊಡುವ ಚೀಟಿ ಈ ಸಲ ಲಾಟರಿಯಲ್ಲಿ ಅವನ ಹೆಸರಿಗೆ ಬಂದಿತ್ತು. ಇದೇ ತನ್ನ ಕೊನೆಯ ಬೇಟೆಯೆಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮಂಡಿ ಹೋದದ್ದಕ್ಕೆ ನನಗೆ ಸಿಟ್ಟಿರಲಿಲ್ಲ. ಮಂಡಿ ಮಾಡುತ್ತಿದ್ದ ಕೆಲಸವನ್ನು ಬಂದೂಕಿನ ಕೈಲಿ ಮಾಡಿಸಲು ಹೊರಟನಲ್ಲ, ಅದು ನನಗೆ ಸೇರಲಿಲ್ಲ.

"ಒಂದು ಕೆಲಸ ಮಾಡು," ಎಂದು ಒಮ್ಮೆ ಹೇಳಿದ್ದೆ. "ಭಾನುವಾರಕ್ಕೆ ಒಂದೇ ಗುಂಡು. ತಣ್ಣಗಿರೋ ನಳಿಗೆಯಿಂದ ಒಂದು ಹೊಡಿ, ಬಂದೂಕು ಕಟ್ಟು, ಮನೆಗ್ ಬಾ. ಅದು ತಟ್ಟೆಗೆ ಬೀಳೋ ತನಕ ಬೇಟೆ ಮಾತಾಡ್ಬೇಡ."

"ಒಂದು ಗುಂಡಿಗೋಸ್ಕರ ಅಷ್ಟು ದೂರ ಹೋಗ್ತಾರಾ ಯಾರಾದ್ರೂ?"

"ಎಲ್ಕ್ ನಿನಗೆ ಎಷ್ಟು ಅವಕಾಶ ಕೊಡತ್ತೆ ಮತ್ತೆ?"

ಒಂದು ಭಾನುವಾರ ಹಾಗೇ ಮಾಡಿದ. ತಪ್ಪಿತು. ಮುಖ ಊದಿಸಿಕೊಂಡು ಮಲಗಿದಲ್ಲೇ ಇಡೀ ಪೆಟ್ಟಿಗೆ ತೋಟಾ ಖಾಲಿ ಮಾಡಿದ. ಅವನ ತೋಟಾಗಳು ಎಲ್ಲರಂಥವಲ್ಲ. ತಾಮ್ರದ ಉದ್ದನೆಯ ಗುಂಡುಗಳನ್ನು ಎಲ್ಲಿಂದಲೋ ತರಿಸಿ, ತಾನೇ ಮದ್ದು ತುಂಬಿ, ಒಂದೊಂದಾಗಿ ಒರೆಸಿ ನನ್ನ ಅಡುಗೆಮನೆಯ ಮೊಟ್ಟೆ ತಟ್ಟೆಯಲ್ಲಿ ಜೋಡಿಸುತ್ತಿದ್ದ. ಮೊಟ್ಟೆಗಳು ಬಟ್ಟಲಿನಲ್ಲಿ ಉರುಳಾಡುತ್ತಿದ್ದವು.

ಅಕ್ಟೋಬರ್ ಕೊನೆಯಲ್ಲಿ ಡ್ಯುವೇನ್‌ನನ್ನು ಕರೆದುಕೊಂಡು ಕಮರಿಗೆ ಹೋದ. ದುರ್ಬೀನು ಹಿಡಿಯಲು ನನ್ನನ್ನೂ ಕರೆದಿದ್ದ, ನಾನು ಒಲ್ಲೆ ಎಂದಿದ್ದೆ. ಮಧ್ಯಾಹ್ನಕ್ಕೆಲ್ಲ ವಾಪಸು ಬಂದ. ನಾನು ಶೆಡ್ಡಿನಲ್ಲಿ ಚಾಕು ಮಸೆಯುತ್ತಿದ್ದೆ.

"ಸಿಕ್ತಾ?"

"ಎದುರು ಗುಡ್ಡದ ಮೇಲೆ ನಿಂತಿತ್ತು. ಒಳ್ಳೆ ಹೆಣ್ಣು. ಮೊದಲನೇದು ಟ್ರಯಲ್ ಬಿಟ್ಟೆ. ಎರಡನೇದಕ್ಕೆ ನಿಲ್ಲಲೇ ಇಲ್ಲ ಮುಂಡೇದು."

ನಾನು ಚಾಕು ಕೆಳಗಿಟ್ಟೆ. "ಆಚೆ ಕಡೆ ಹೋಗಿ ನೋಡಿದ್ರಾ?"

"ಏನ್ ನೋಡೋದು? ಕಮರಿ ಇಳಿದು ಹತ್ತೋಕೆ ಈ ಮಂಡೀಲಿ ಆಗತ್ತಾ? ಒಂದು ರೋಮಾನೂ ಹಾರ್ಲಿಲ್ಲ. ಡ್ಯುವೇನ್ ಹೇಳ್ದ."

"ಡ್ಯುವೇನ್‌ಗೆ ಮಂಡಿ ಇತ್ತಲ್ಲ!"

ನಾನು ಬೂಟು ಹಾಕಿಕೊಂಡು ಹೊರಟೆ. ಕಮರಿಯ ಬಾಯಿಗೆ ಹೋಗುವಷ್ಟರಲ್ಲಿ ಹಿಮ ಸುರಿಯತೊಡಗಿ ನನ್ನದೇ ಹೆಜ್ಜೆ ನನಗೆ ಕಾಣದಂತಾಗಿ ಹಿಂದಿರುಗಿದೆ.

ಅದೇ ವಾರದ ಕೊನೆಗೆ ಕಮರಿಯ ಕೆಳಗೆ ದನ ಸಾಕುವ ಗ್ಲೆನ್ನಾ ತನ್ನ ಪಿಕಪ್ಪನ್ನು ಶೆಡ್ಡಿನ ಬಾಗಿಲಿಗೆ ಹಿಂದುಮುಂದಾಗಿ ತಂದು ನಿಲ್ಲಿಸಿದಳು. ಹಿಂದೆ ಒಂದು ಹೆಣ್ಣು ಎಲ್ಕ್ ಬಿದ್ದಿತ್ತು.

"ನಮ್ಮ ಬಣವೆ ಪಕ್ಕ ಬಂದು ಬಿದ್ಕೊಂಡಿತ್ತು ಕಣೇ. ಜೀವ ಇತ್ತು. ಹಕ್ಕಿಗಳು ಆಗ್ಲೇ ಗಾಯಾನ ಕುಕ್ತಾ ಇದ್ವು. ಬೇಟೆ ಇಲಾಖೆಯವನಿಗೆ ಫೋನ್ ಮಾಡಿ, ನಾನೇ ಮುಗಿಸ್ದೆ. ಏನಾದ್ರೂ ಉಳಿದಿದೆಯಾ ನೋಡು, ಅನ್ಯಾಯವಾಗಿ ಹೋಗ್ಬಾರ್ದು."

ಏನೂ ಉಳಿದಿರಲಿಲ್ಲ. ಚಾಕು ಇಳಿಸಿದ ಕೂಡಲೇ ಹಸಿರು ನೀರು ನನ್ನ ಬೂಟಿನ ಮೇಲೆ ಸುರಿಯಿತು. ಕೀವು, ಅರೆ ಜೀರ್ಣವಾದ ಹುಲ್ಲು, ಕೊಳೆತ ತೊಡೆ. ಗ್ಲೆನ್ನಾ ಹೊರಗೋಡಿ ವಾಂತಿ ಮಾಡಿಕೊಂಡಳು. ಈ ಕಸುಬಿನಲ್ಲಿ ಮೂಗು ಸತ್ತುಹೋಗಿದೆ ಎಂದುಕೊಂಡಿದ್ದ ನಾನೂ ಬಾಯಲ್ಲಿ ಉಸಿರಾಡುತ್ತ ಕೈ ಒಳಗಿಟ್ಟೆ. ಸೊಂಟದ ಮೂಳೆಯ ಸಂದಿನಲ್ಲಿ ಬೆರಳಿಗೆ ಏನೋ ಸಿಕ್ಕಿತು. ತೊಳೆದು ನೋಡಿದೆ. ತಾಮ್ರದ ಉದ್ದನೆಯ ಗುಂಡು, ತುದಿ ಹೂವಿನಂತೆ ಅರಳಿತ್ತು.

"ಯಾವ ಹಲ್ಕಟ್ ನನ್ಮಗ ಮಾಡಿದ್ದಂತೆ ಇದು?" ಎಂದಳು ಗ್ಲೆನ್ನಾ, ಬಾಯಿ ಒರೆಸಿಕೊಳ್ಳುತ್ತ.

"ನನ್ನ ಗಂಡ," ಎಂದೆ.

ಗ್ಲೆನ್ನಾ ಪಿಕಪ್ಪು ತೊಳೆಯದೇ ಹೊರಟುಹೋದಳು.

ಆರ್ವಿಡ್‌ನನ್ನು ಕೂಗಿದೆ. ಬಾಗಿಲಲ್ಲೇ ನಿಂತು ಮೂಗಿಗೆ ಕರವಸ್ತ್ರ ಹಿಡಿದ. ಗುಂಡನ್ನು ಅಂಗೈಯಲ್ಲಿಟ್ಟು ತೋರಿಸಿದೆ. ಅವನ ಮುಖ ಬಿಳಿಚಿಕೊಂಡಿತು. ಆಮೇಲೆ ತಿಪ್ಪೆ ಸಾರಿಸಲು ಶುರುಮಾಡಿದ. ಅಂಥ ಗುಂಡು ಇನ್ನೂ ಎಷ್ಟೋ ಜನರ ಹತ್ತಿರ ಇರಬಹುದು, ಹಿಮ ಬೀಳದಿದ್ದರೆ ಮಾರನೆಯ ದಿನ ಡ್ಯುವೇನ್ ಹೋಗಿ ನೋಡುವವನಿದ್ದ, ಹೀಗೇ. ನಾನು ಕಣ್ಣು ಕೀಳದೆ ನೋಡುತ್ತಿದ್ದೆ. ಕೊನೆಗೆ ತಗ್ಗಿದ ದನಿಯಲ್ಲಿ ಹೇಳಿದ:

"ಅದು ಟ್ರಯಲ್ ಆಗಿತ್ತು ಕಣೇ."

ಸತ್ತ ಎಲ್ಕ್‌ನ ವಾಸನೆ ನೀರು ಹೊಯ್ದರೆ ಹೋಗುತ್ತದೆ. ಈ ಮಾತಿನ ವಾಸನೆ ಹೇಗೆ ಹೋಗಬೇಕು? ಇಷ್ಟು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದ ಮನುಷ್ಯನ ಮೇಲೆ ನನಗೆ ಅಸಹ್ಯ ಹುಟ್ಟಿತು.

"ಚೀಟಿ ತೆಗಿ. ಕತ್ತರಿಸು," ಎಂದೆ.

ನಮ್ಮ ಕಡೆ ಇದೊಂದು ಕಟ್ಟಳೆ. ಪ್ರಾಣಿಗೆ ಗುಂಡು ತಾಗಿ ಅದು ಕೈಗೆ ಸಿಗದಿದ್ದರೂ ಅದು ನಿನ್ನದೇ ಬೇಟೆ. ಚೀಟಿ ಕತ್ತರಿಸಿ, ಬಂದೂಕನ್ನು ಗೋಡೆಗೆ ತೂಗುಹಾಕಬೇಕು. ಆ ವರ್ಷ ಮುಗಿಯಿತು. ಆರ್ವಿಡ್‌ನ ಅಪ್ಪ ಹಾಗೆ ಮಾಡಿದ್ದನ್ನು ಅವನೇ ನನಗೆ ಹೆಮ್ಮೆಯಿಂದ ಹೇಳಿದ್ದ.

"ಕಾನೂನು ಹಾಗೇನೂ ಹೇಳಲ್ಲ," ಎಂದ.

"ಕಾನೂನು ಬಂದು ಈ ಶೆಡ್ ತೊಳೆಯಲ್ಲ."

"ಲಿನೆಟ್, ಇದೇ ಕೊನೇದು ನಂಗೆ. ಗೊತ್ತಲ್ಲ ನಿಂಗೆ. ಭಾನುವಾರ ರೇಂಜಿಗೆ ಹೋಗಿ ಬಂದೂಕು ಸರಿ ಮಾಡ್ಕೋತೀನಿ, ಸೋಮವಾರ ಇನ್ನೊಂದ್ಸಲ ಹೋಗ್ತೀನಿ. ಈ ಸಲ ಹತ್ತಿರದಿಂದ್ಲೇ ಹೊಡೀತೀನಿ, ಆಣೆ." ಚೀಟಿಯಿದ್ದ ಅಂಗಿಯ ಜೇಬನ್ನು ಅಂಗೈಯಿಂದ ಮುಚ್ಚಿಕೊಂಡೇ ಹೊರಟುಹೋದ. ನಾನು ಒಬ್ಬಳೇ ಆ ಹೊಲಸನ್ನೆಲ್ಲ ಡ್ರಮ್ಮಿಗೆ ತುಂಬಿದೆ.

ಭಾನುವಾರ ಕರೆಯದಿದ್ದರೂ ಅವನ ಜೊತೆ ರೇಂಜಿಗೆ ಹೋದೆ. ನಾನು ಬಂದದ್ದೇ ರಾಜಿಯೆಂದುಕೊಂಡು ಅವನ ಮುಖ ಅರಳಿತು. ಡ್ಯುವೇನ್ ನನ್ನ ಕಣ್ಣು ತಪ್ಪಿಸಿ ಕಾಫಿ ಬಗ್ಗಿಸಿದ. ಆರ್ವಿಡ್ ನರಳುತ್ತ ಮಂಡಿ ಊರಿ, ಚಾಪೆಯ ಮೇಲೆ ಮಲಗಿ, ಬಹಳ ಹೊತ್ತು ಉಸಿರು ಹಿಡಿದಿದ್ದ. ನಾನು ದುರ್ಬೀನಿಗೆ ಕಣ್ಣಿಟ್ಟೆ.

ಹೊಡೆದ. ತಟ್ಟೆ ಅಲ್ಲಾಡಿತು. ಆಮೇಲೆ ಸದ್ದು ಬಂತು. ಠಣ್.

"ನಟ್ಟನಡುವೆ!" ಡ್ಯುವೇನ್ ಕುಣಿದ.

ಆರ್ವಿಡ್ ತಲೆಯೆತ್ತಿ ನನ್ನತ್ತ ತಿರುಗಿದ. ಮದುವೆಯ ಫೋಟೋದಲ್ಲಿ ಇದ್ದಂಥದೇ ನಗು. "ನೋಡಿದ್ಯಾ? ಮೊದಲನೇದೇ ಬಿತ್ತು! ತಣ್ಣನೆ ನಳಿಗೆಯಿಂದ, ಮೊದಲನೇದೇ!"

"ಅದು ಟ್ರಯಲ್," ಎಂದೆ. "ಲೆಕ್ಕಕ್ಕಿಲ್ಲ."

ಡ್ಯುವೇನ್‌ನ ಕುಣಿತ ಅರ್ಧದಲ್ಲೇ ನಿಂತಿತು. ಆರ್ವಿಡ್‌ನ ನಗು ಸ್ವಲ್ಪ ಹೊತ್ತು ಹಾಗೇ ಇತ್ತು, ಏನು ಮಾಡಬೇಕೆಂದು ಅದಕ್ಕೇ ತಿಳಿಯದಂತೆ. ಆಮೇಲೆ ಅವನು ಹಣೆಯನ್ನು ಬಂದೂಕಿನ ಹಿಡಿಗೆ ಒತ್ತಿ ಮಲಗಿಬಿಟ್ಟ. ಗಾಳಿಗೆ ತಟ್ಟೆ ಇನ್ನೂ ತೂಗುತ್ತಿತ್ತು.

ಕೊನೆಗೆ ಒಂದು ಮಗ್ಗುಲಿಗೆ ಹೊರಳಿ ಜೇಬಿನಿಂದ ಚೀಟಿ ತೆಗೆದ. ನನ್ನ ಮುಖ ನೋಡದೆ ಕೈ ಚಾಚಿದ.

"ಚಾಕು ಕೊಡು."

ಸೊಂಟದಿಂದ ಬಿಚ್ಚಿ ಕೊಟ್ಟೆ. ಎರಡು ಸಲ ಸೋಪು ಹಾಕಿ ತೊಳೆದಿದ್ದರೂ ಅದರಿಂದ ವಾಸನೆ ಬರುತ್ತಿತ್ತು. ಅವನು ಈ ಸಲ ಮೂಗು ಮುಚ್ಚಿಕೊಳ್ಳಲಿಲ್ಲ.