ಸೂತಕದ ಮನೆಗೆ ಬಂದ ಕಡುಬು

ಕ್ರಿಸ್‌ಮಸ್ ದಿನ ಬ್ರೂಕ್ಲಿನ್ನಿನ ಯೆಹೂದಿಯೊಬ್ಬ ಮನೆಯಲ್ಲಿ ಒಲೆ ಹಚ್ಚಿದನೆಂದರೆ ಒಂದೋ ಅವನಿಗೆ ಜ್ವರ ಬಂದಿರಬೇಕು, ಇಲ್ಲವೇ ನೆಂಟರ ಮೇಲೆ ಸಿಟ್ಟಿರಬೇಕು. ಊರೆಲ್ಲ ಬಾಗಿಲು ಹಾಕುವ ಆ ದಿನ ತೆರೆದಿರುವ ಚೀನೀ ಹೋಟೆಲಿಗೆ ನೆಂಟರೊಡನೆ ಊಟಕ್ಕೆ ಹೋಗುವುದೇ ಅಲ್ಲಿನ ಯೆಹೂದಿಗಳ ವಾಡಿಕೆ. ಸೀಮೋರ್ ಪಿನ್ಸ್ಕರನಿಗೆ ಸಿಟ್ಟಿತ್ತು, ಆದರೆ ಒಲೆ ಹಚ್ಚಲು ಬರುತ್ತಿರಲಿಲ್ಲ. ಹಾಗಾಗಿ ಅರವತ್ತಾರರ ಈ ಬ್ರಹ್ಮಚಾರಿ ಯಿಪ್ ಅವರ ಚೀನೀ ಹೋಟೆಲಿಗೆ ಹೊರಟ. ಎರಡು ವರ್ಷದಿಂದ ಮಾತು ಬಿಟ್ಟಿದ್ದ ಅಕ್ಕ ಫ್ರೀಡಾ ಅಲ್ಲಿಗೇ ಬರುತ್ತಾಳೆಂದು ಗೊತ್ತಿತ್ತು. ಆದರೂ ತಾನು ಹೊರಟಿದ್ದು ಹಸಿವಿಗೆ ಎಂದುಕೊಂಡ. ಹೊಸ ಟೈ ಕಟ್ಟಿಕೊಂಡಿದ್ದೂ ಹಸಿವಿಗೇ ಇರಬೇಕು.

ಜಗಳದ ಮೂಲ ಕಡುಬು. ಪಿನ್ಸ್ಕರ್ ಮನೆತನದಲ್ಲಿ ಅಮ್ಮನ ಕಟ್ಟಳೆಯೊಂದಿತ್ತು: ಯೆಹೂದಿಗಳಿಗೆ ನಿಷಿದ್ಧವಾದ ಹಂದಿಮಾಂಸದ ಹೆಸರನ್ನು ಮನೆಯೊಳಗೆ ಎತ್ತುವಂತಿಲ್ಲ, ಆದರೆ ಚೀನೀ ಹೋಟೆಲಿನಲ್ಲಿ ಸಣ್ಣಗೆ ಕೊಚ್ಚಿ ಕಡುಬಿನೊಳಗೆ ಮುಚ್ಚಿಟ್ಟದ್ದು ದೇವರ ಕಣ್ಣಿಗೆ ಬೀಳುವುದಿಲ್ಲ. ಆ ಅಮ್ಮ ತೀರಿಕೊಂಡಾಗ, ಅವಳಿಗೆ ಪ್ರಿಯವಾದದ್ದನ್ನೇ ಬಂದವರಿಗೆ ಬಡಿಸೋಣವೆಂದು ಸೀಮೋರ್ ಯಿಪ್ ಅವರಲ್ಲಿ ಕಡುಬು ಕಟ್ಟಿಸಿಕೊಂಡು ಸೂತಕದ ಮನೆಗೇ ತಂದುಬಿಟ್ಟ. ಫ್ರೀಡಾ ಎಲ್ಲರೆದುರು ಅದನ್ನು ಡಬ್ಬಿ ಸಮೇತ ಕಸದ ತೊಟ್ಟಿಗೆ ಎಸೆದಳು. ಅಂದಿನಿಂದ ಸೀಮೋರ್ ಅವಳ ವಿರುದ್ಧ ಅದ್ಭುತವಾದ ಭಾಷಣಗಳನ್ನು ಮಾಡುತ್ತ ಬಂದಿದ್ದ, ಬಚ್ಚಲುಮನೆಯ ಕನ್ನಡಿಗೆ. ಕನ್ನಡಿ ಒಮ್ಮೆಯೂ ಎದುರಾಡಿರಲಿಲ್ಲ. ಅವನಿಗೆ ಅಕ್ಕ ಬೇಕಾಗಿದ್ದಳು. ಆದರೆ ಮೊದಲು ಅವಳೇ ಮಾತಾಡಬೇಕಾಗಿತ್ತು.

ಹೋಟೆಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಯೆಹೂದಿಗಳ ಪ್ರಾರ್ಥನಾ ಮಂದಿರದಲ್ಲಿ ಎಂದೂ ಇಷ್ಟು ಜನ ಸೇರಿದ್ದಿಲ್ಲ. "ಬನ್ನಿ ಸಾರ್, ನಿಮ್ಮಕ್ಕ ಆಗ್ಲೇ ಬಂದಿದಾರೆ," ಎನ್ನುತ್ತ ಯಿಪ್ ಅವನ ತೋಳು ಹಿಡಿದು ಫ್ರೀಡಾಳ ಮೇಜಿಗೇ ಕರೆತಂದರು.

"ಬೇರೆ ಕಡೆ ಜಾಗ ಇಲ್ವಾ?"

"ಇದೆ ಸಾರ್, ಬೀದೀಲಿ. ಬಾತುಕೋಳಿ ಒಂದೇ ಉಳಿದಿರೋದು. ಯಾರಿಗೆ ತರ್ಲಿ?"

ಫ್ರೀಡಾ ಯಿಪ್ ಕಡೆಗೇ ನೋಡುತ್ತ, "ಆ ಮನುಷ್ಯನಿಗೇ ಕೊಡಿ. ನೋಡಿ, ಕಡ್ಡಿಗೆ ಟೈ ಕಟ್ಟಿದ ಹಾಗಿದಾನೆ," ಎಂದಳು.

ಸೀಮೋರನೂ ಯಿಪ್‌ಗೇ ಹೇಳಿದ: "ಆಕೆಗೇ ಕೊಡಿ. ಬಾಯಿ ತುಂಬಿದ್ರೆ ಹೋಟ್ಲಿಗೆ ನೆಮ್ಮದಿ."

ಯಿಪ್ ಬಾತುಕೋಳಿಯನ್ನು ಇಬ್ಬರ ನಡುವೆ ಇಟ್ಟು, ಪಕ್ಕದಲ್ಲಿ ಒಂದು ತಟ್ಟೆ ಕಡುಬನ್ನೂ ಇಟ್ಟು ಹೋದರು. ಫ್ರೀಡಾ ಒಂದು ಕಡುಬನ್ನು ಬಾಯಿಗೆ ಹಾಕಿಕೊಂಡಳು, ಅದೂ ಕಣ್ಣು ಮುಚ್ಚಿ, ಆನಂದದಿಂದ. ಸೀಮೋರನಿಗೆ ತಡೆಯಲಾಗಲಿಲ್ಲ.

"ಅದ್ರಲ್ಲಿ ಏನಿದೆ ಗೊತ್ತಾ?"

ಮೊದಲು ಬಾಯಿಬಿಟ್ಟಿದ್ದು ತಾನೇ ಎಂಬುದು ಆಮೇಲೆ ಹೊಳೆಯಿತು. ಎರಡು ವರ್ಷದ ಹಟ ನೀರುಪಾಲಾಯಿತು. ಫ್ರೀಡಾ ನಿಧಾನವಾಗಿ ನುಂಗಿ, ಕರವಸ್ತ್ರ ಮಡಿಸಿಟ್ಟಳು. ಎದ್ದೇ ಹೋಗುತ್ತಾಳೆಂದುಕೊಂಡ ಅವನು.

"ಹಂದಿ ಇದೆ! ಇದು ಹೋಟ್ಲು ಕಣೋ! ಇಷ್ಟು ವಯಸ್ಸಾಯ್ತು, ಹೋಟ್ಲು ಯಾವ್ದು ಮನೆ ಯಾವ್ದು ಗೊತ್ತಾಗಲ್ವೇನೋ, ಪೆದ್ದು ಮುಂಡೇದೇ? ಅಮ್ಮ ಹೋಗಿ ಮೂರು ದಿನ ಆಗಿಲ್ಲ, ಧರ್ಮಗುರು ರಬ್ಬಿ ಕೂತಿದಾರೆ, ನೀನು ಇದನ್ನ ಚಟ್ನಿ ಸಮೇತ ಮನೆಗೆ ತರ್ತೀಯ!"

ಪಕ್ಕದ ಮೇಜಿನವರು ಚಮಚ ಕೆಳಗಿಟ್ಟು ಕಿವಿಗೊಟ್ಟರು.

"ಮೇಲೆ ಸಿಟ್ಟು ಬೇರೆ ನಿಂಗೆ! ಎರಡು ವರ್ಷ ಫೋನ್ ಪಕ್ಕ ಕೂತಿದೀನಿ, ಸ್ನಾನಕ್ಕೆ ಹೋದ್ರೂ ಬಾಗ್ಲು ತೆಗೆದಿಟ್ಟು ಹೋಗ್ತಿದ್ದೆ. ಸತ್ತಿದೀಯಾ ಬದುಕಿದೀಯಾ ಅಂತ ಕೇಳಿದ್ಯಾ? ಈ ಟೈ ಯಾರು ಕೊಡ್ಸಿದ್ದು? ಅಸಹ್ಯವಾಗಿದೆ!"

ಸೀಮೋರ್ ಕಣ್ಣೊರೆಸಿಕೊಂಡು ಬಾತುಕೋಳಿಯ ಒಳ್ಳೆಯ ತುಂಡನ್ನು ಆರಿಸಿ ಅವಳ ತಟ್ಟೆಗೆ ಹಾಕಿದ. ಎರಡು ವರ್ಷದಲ್ಲಿ ಅವನನ್ನು ಇಷ್ಟು ಪ್ರೀತಿಯಿಂದ ಯಾರೂ ಬೈದಿರಲಿಲ್ಲ.

"ಆಮೇಲೆ?" ಎಂದ, ಎಲ್ಲಿ ನಿಲ್ಲಿಸಿಬಿಡುತ್ತಾಳೋ ಎಂಬ ಭಯದಲ್ಲಿ.