ಶಿವಕಾಂತಮ್ಮನ ಎಡಗೈ

ಶಹಾಬಾದಿನಲ್ಲಿ ಮಜೀದಸಾಬನ ಶೆಡ್ಡಿಗೆ ಬೋರ್ಡು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಅತ್ತ ವಾಡಿ, ಇತ್ತ ಸೇಡಂ, ಎಲ್ಲಿ ಯಾರ ಗಾಡಿ ಕೆಟ್ಟು ನಿಂತರೂ ಜನ ಅವನ ಹೆಸರೇ ಹೇಳುತ್ತಿದ್ದರು. ಬಾನೆಟ್ಟು ಎತ್ತುವ ಮೊದಲೇ ಶಬ್ದ ಕೇಳಿ ರೋಗ ಹೇಳುವ ಮನುಷ್ಯ. ಐದು ಹೊತ್ತು ನಮಾಜು ತಪ್ಪಿಸುವವನಲ್ಲ, ಬೀಡಿ ಮುಟ್ಟುವವನಲ್ಲ, ಯಾರಿಗೂ ಎದುರು ಮಾತಾಡುವವನಲ್ಲ. ಇಂಥ ಮಜೀದಸಾಬ ಒಬ್ಬ ಹೆಣ್ಣುಮಗಳ ಬಾಳಿಗೆ ಮಣ್ಣು ಹಾಕಿದ ಎಂದರೆ ಊರಲ್ಲಿ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ.

ಆ ಹೆಣ್ಣುಮಗಳು ಶಿವಕಾಂತಮ್ಮ. ಗಂಡ ದೇವಿಂದ್ರಪ್ಪನಿಗೆ ವಾಡಿಯ ಆಚೆ ನೆಲಕ್ಕೆ ಹಾಸುವ ಫರ್ಸಿಕಲ್ಲಿನ ಗಣಿಯಿತ್ತು, ಮನೆಯ ಮುಂದೆ ಒಂದು ಹಳೆಯ ಲ್ಯಾಂಡ್‌ಮಾಸ್ಟರ್ ಕಾರಿತ್ತು. ಗೇರಿನ ಕೋಲು ಸ್ಟೇರಿಂಗಿನ ಕೆಳಗೇ, ಎಡಗೈಗೆ ಸಿಗುವಂಥದ್ದು. ಮಕ್ಕಳಿಲ್ಲದ ದಂಪತಿ. ಹೊತ್ತು ಹೋಗದ ದಿನಗಳಲ್ಲಿ ದೇವಿಂದ್ರಪ್ಪ ಹೆಂಡತಿಯನ್ನು ಗಣಿಯ ಖಾಲಿ ಹಾದಿಗೆ ಕರೆದುಕೊಂಡು ಹೋಗಿ ಗಾಡಿ ಕಲಿಸಿದ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ನಾಲಿಗೆ ಕಚ್ಚಿಕೊಂಡು, ನಗುನಗುತ್ತ ಕಲಿತಳು. ಮರುವರ್ಷ ಜ್ವರ ಬಂದು ದೇವಿಂದ್ರಪ್ಪ ಹೋಗಿಬಿಟ್ಟ.

ಹದಿಮೂರನೆಯ ದಿನ ಮನೆತನದ ಹಿರಿಯರು ಕೂತರು. ಗಣಿ ತನಗೆ ಬರಬೇಕೆಂದು ಮೈದುನ ಅಮೃತಪ್ಪ ಪಟ್ಟು ಹಿಡಿದ. ಹಿರಿಯರಿಗೆ ಅವನನ್ನು ಎದುರು ಹಾಕಿಕೊಳ್ಳುವ ಮನಸ್ಸಿಲ್ಲ, ವಿಧವೆಯ ಶಾಪವೂ ಬೇಡ. ಅದಕ್ಕೇ ಒಂದು ಜಾಣ ತೀರ್ಮಾನ ಮಾಡಿದರು: ಉಗಾದಿಯವರೆಗೆ ಅವಳೇ ನಡೆಸಲಿ. ಕೆಲಸ ನಿಲ್ಲದಿದ್ದರೆ ಗಣಿ ಅವಳದೇ. ನಿಂತರೆ ಅಮೃತಪ್ಪನದು, ಅವಳಿಗೆ ಅವನ ಮನೆಯ ಹಿಂದಿನ ಕೋಣೆ ಮತ್ತು ಎರಡು ಹೊತ್ತಿನ ರೊಟ್ಟಿ. ಹೆಂಗಸು ಎಷ್ಟು ದಿನ ನಡೆಸಿಯಾಳು ಎಂದು ಎಲ್ಲರೂ ಮೀಸೆಯಡಿಯಲ್ಲೇ ನಕ್ಕರು.

ಆ ಗಣಿಯಲ್ಲಿ ದೇವಿಂದ್ರಪ್ಪ ಇಟ್ಟುಹೋದ ಒಂದು ಪದ್ಧತಿಯಿತ್ತು. ಬೆಳಿಗ್ಗೆ ಮಾಲಕರು ಬಂದು, ಅವತ್ತು ಎಬ್ಬಿಸಬೇಕಾದ ಕಲ್ಲಿನ ಪದರದ ಮೇಲೆ ಸುಣ್ಣದ ಗೆರೆ ಎಳೆದುಕೊಡಬೇಕು. ಗೆರೆ ಬೀಳದೆ ಯಾವ ಆಳೂ ಉಳಿ ಎತ್ತುತ್ತಿರಲಿಲ್ಲ. ಅಂದರೆ ಶಿವಕಾಂತಮ್ಮ ದಿನಾ ಬೆಳಿಗ್ಗೆ ಅಲ್ಲಿರಲೇಬೇಕು. ಆ ದಾರಿಗೆ ಬಸ್ಸಿಲ್ಲ. ಅಮೃತಪ್ಪ ಊರಿನ ಡ್ರೈವರುಗಳಿಗೆಲ್ಲ ಕಣ್ಣು ಕೆಂಪು ಮಾಡಿಟ್ಟಿದ್ದ, ಒಬ್ಬನೂ ಕೆಲಸಕ್ಕೆ ಬರಲಿಲ್ಲ. ಆಗ ಅವಳು ಗಾಡಿಯನ್ನು ತಾನೇ ತೆಗೆದಳು. ಬಜಾರದ ನಡುವೆ ಹಾದುಹೋದಾಗ ಚಹಾದಂಗಡಿಯಲ್ಲಿ ಕಪ್ಪು ಹಿಡಿದವರು ಕುಡಿಯುವುದನ್ನು ಮರೆತರು. ದೀಪಾವಳಿ ಬರುವಷ್ಟರಲ್ಲಿ ಗಂಡನ ಕಾಲಕ್ಕಿಂತ ಹೆಚ್ಚು ಕಲ್ಲು ಲಾರಿ ಏರುತ್ತಿತ್ತು.

ಅಮೃತಪ್ಪನ ಹೊಟ್ಟೆ ಉರಿಯಿತು. ಒಂದು ಮಧ್ಯಾಹ್ನ ಮಜೀದಸಾಬನ ಶೆಡ್ಡಿಗೆ ಬಂದು ಸ್ಟೂಲಿನ ಮೇಲೆ ಕೂತ. ಶೆಡ್ಡು ನಿಂತ ಜಾಗ ಅಮೃತಪ್ಪನದೇ.

"ನಮ್ಮ ವೈನಿ ಗಾಡಿ ನಿನ್ನ ಹಂತೇಕ ಬರ್ತದಲ್ಲ ಮಜೀದಸಾಬ?"

"ಬರ್ತದ್ರಿ ಸಾವ್ಕಾರ್ರ. ಎಣ್ಣಿ ಬದ್ಲಿ ಮಾಡಲಾಕ ತರ್ತಾರ."

"ಅದರ ಗೇರು ಒಂಚೂರು ಬಿಗಿ ಆಗಬೇಕು."

ಮಜೀದಸಾಬ ಕೈ ಒರೆಸಿಕೊಳ್ಳುವುದನ್ನು ನಿಲ್ಲಿಸಿದ.

"ಹಂಗ್ಯಾಕ ನೋಡ್ತಿ? ಗಾಡಿ ಕೆಡಸು ಅನ್ನಾಕತ್ತಿಲ್ಲ. ಬಿಗಿ ಮಾಡು, ಅಷ್ಟಾ. ಕೈ ಸೋತು ತಾನಾ ಬಿಡ್ಲಿ. ನಾ ಬಿಡಿಸಿದೆ ಅಂದ್ರ ಮಂದಿ ಬಾಯಿಗೆ ಬೀಳ್ತೀನಿ." ಅಮೃತಪ್ಪ ತಲೆಯೆತ್ತಿ ತಗಡಿನ ಮಾಡನ್ನು ನೋಡಿದ. "ಈ ಜಾಗಾ ನಿನಗ ಅನುಕೂಲ ಅದ, ಹೌದಿಲ್ಲ?"

ಅಂಜಿಕೆಯಾಯಿತು, ನಿಜ. ಆದರೆ ಬರೀ ಅಂಜಿಕೆ ಎಂದರೆ ಮಜೀದಸಾಬನಿಗೆ ಪುಕ್ಕಟೆ ಮಾಫಿ ಕೊಟ್ಟಂತೆ. ಮೂವತ್ತು ವರ್ಷ ಗ್ರೀಸಿನಲ್ಲಿ ಬಿದ್ದು ಕಲಿತ ವಿದ್ಯೆಯನ್ನು ಅಡುಗೆಮನೆಯಿಂದ ಎದ್ದುಬಂದ ಹೆಂಗಸು ಸಲೀಸಾಗಿ ಮಾಡಿ ತೋರಿಸುತ್ತಿದ್ದಳು. 'ಅಕೀ ಓಡಸ್ತಾಳ, ಅದರಾಗೇನದ ಮಹಾ' ಎಂದು ಬಜಾರದಲ್ಲಿ ಯಾರೋ ಅಂದದ್ದು ಅವನ ಕಿವಿಗೆ ಬಿದ್ದಿತ್ತು. ಅದು ಒಳಗೇ ಕುಟುಕುತ್ತಿತ್ತು. ಸಾವಕಾರ ಹೇಳಿದ್ದು ಅವನಿಗೆ ಪೂರ್ತಿ ಬೇಡವಾಗಿಯೇನೂ ಇರಲಿಲ್ಲ.

ಮುಂದಿನ ಸಲ ಗಾಡಿ ಎಣ್ಣೆಗೆ ಬಂದಾಗ ಕೆಳಗೆ ತೂರಿ, ಕ್ಲಚ್ಚಿನ ಸಲಾಕೆಯ ನಟ್ಟನ್ನು ಕೊಂಚ ಸಡಿಲಿಸಿದ. ಗೇರಿನ ಕೋಲಿನ ಕೀಲುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿದ. ಇಷ್ಟೇ. ಈಗ ಪೆಡಲನ್ನು ನೆಲಕ್ಕೆ ಹತ್ತುವ ತನಕ ಒತ್ತಿದರೂ ಕ್ಲಚ್ಚು ಪೂರ್ತಿ ಬಿಡುವುದಿಲ್ಲ. ಹಲ್ಲಿಗೆ ಹಲ್ಲು ಉಜ್ಜುತ್ತದೆ, ಗೇರು ಬೀಳುವುದಿಲ್ಲ.

ಮೂರನೆಯ ದಿನವೇ ಶಿವಕಾಂತಮ್ಮ ಬಂದಳು.

"ಮಜೀದಣ್ಣ, ಗೇರು ಬೀಳವಲ್ದು ನೋಡು. ಕರಕರ ಅಂತದ. ಎರಡೂ ಕೈ ಹಚ್ಚಿ ಜಗ್ಗಬೇಕಾಗ್ಯಾದ."

"ನೋಡೂಣ್ರಿ ಅಕ್ಕೋರ."

ಗಾಡಿಯ ಕೆಳಗೆ ಅಂಗಾತ ಮಲಗಿ, ಅಲ್ಲಿ ಇಲ್ಲಿ ಪಾನಾದಿಂದ ಕುಟ್ಟಿದ. ಯಾವ ನಟ್ಟನ್ನೂ ಮುಟ್ಟಲಿಲ್ಲ. ಎದ್ದು ಬಂದು "ಕುಂದ್ರಿ, ಟ್ರಾಯಲ್ ನೋಡೂಣು" ಅಂದ. ಗಂಡ ಸತ್ತ ಹೆಣ್ಣುಮಗಳು ಪರಗಂಡಸಿನ ಪಕ್ಕ ಮುಂದೆ ಕೂರುವುದುಂಟೆ? ಅವಳು ಹಿಂದಿನ ಸೀಟಿನಲ್ಲಿ ಕೂತಳು. ಅಲ್ಲಿಂದ ಕಾಣುವುದು ಓಡಿಸುವವನ ಕೈ ಮಾತ್ರ, ಕಾಲು ಕಾಣುವುದಿಲ್ಲ. ಮಜೀದಸಾಬನಿಗೆ ಅಷ್ಟೇ ಸಾಕಾಗಿತ್ತು.

ಅವನಂಥ ಪಳಗಿದವನಿಗೆ ಕ್ಲಚ್ಚೇ ಇಲ್ಲದಿದ್ದರೂ ನಡೆಯುತ್ತದೆ. ಗೇರನ್ನು ಬಿಡಿಸಿ, ರೇಸನ್ನು ಕಾಲ್ಬೆರಳಿನಲ್ಲಿ ಒಮ್ಮೆ ತಟ್ಟಿ, ಎಂಜಿನ್ನಿನ ಸದ್ದು ಹದಕ್ಕೆ ಇಳಿಯುವ ಗಳಿಗೆಗೆ ಕಾದು ಕೋಲನ್ನು ಮುಟ್ಟಿದರೆ ಗೇರು ತಾನೇ ಕೂರುತ್ತದೆ. ಎರಡು ಬೆರಳಲ್ಲಿ ಎರಡನೆಯ ಗೇರು ಹಾಕಿದ, ಎರಡು ಬೆರಳಲ್ಲಿ ಮೂರನೆಯದು. ಸ್ಟೇಷನ್ನಿನ ತನಕ ಹೋಗಿ ತಿರುಗಿ ಬಂದ.

"ಗಾಡಿದೇನೂ ಇಲ್ರಿ ಅಕ್ಕೋರ. ನೋಡಿದ್ರಲ್ಲ?"

"ಹಂಗಾರ ನನ್ನ ಕೈದಾ?"

"ಹೆಣ್ಮಕ್ಕಳ ಕೈ ನಾಜೂಕ ಇರ್ತಾವ್ರಿ. ಹಳೀ ಗಾಡಿ, ಬಲ ಬೇಡ್ತದ."

ಅವಳು ನಂಬಿದಳು. ಬೇರೆ ಯಾರನ್ನು ನಂಬಬೇಕು? ಊರಲ್ಲಿ ಅವಳ ಗಾಡಿಯನ್ನು ಮುಟ್ಟುವ ಗಂಡಸೆಂದರೆ ಅವನೊಬ್ಬನೇ. ಇನ್ನೊಂದು ಸಲ ಬಂದಾಗ, "ನಾ ಮುಂದ ಕುಂತು ನೋಡ್ಲೇನು? ನೀ ಹ್ಯಾಂಗ ಹಾಕ್ತಿ ಅಂತ ಕಲೀತೀನಿ" ಎಂದು ಕೇಳಿದಳು. ಮಜೀದಸಾಬ ಕಿವಿ ಮುಟ್ಟಿಕೊಂಡ. "ಬ್ಯಾಡ್ರಿ ಅಕ್ಕೋರ, ಮಂದಿ ಏನಂದಾರು!" ಅವಳಿಗೆ ನಾಚಿಕೆಯಾಗಿ ತಲೆ ತಗ್ಗಿಸಿದಳು. ತನ್ನ ಮಾನ ಕಾಯುವ ಮನುಷ್ಯ ಎಂದು ಅವನ ಮೇಲೆ ಗೌರವ ಇನ್ನಷ್ಟು ಹೆಚ್ಚಾಯಿತು.

ಸಂಕ್ರಾಂತಿಯ ಹೊತ್ತಿಗೆ ಅವಳ ಎಡಗೈ ಮಣಿಕಟ್ಟಿನಲ್ಲಿ ಊದಿಕೊಂಡಿತು. ಮುಷ್ಟಿ ಕಟ್ಟಲಾಗದು, ರೊಟ್ಟಿ ತಟ್ಟಲಾಗದು. ಒಂದು ದಿನ ಶೆಡ್ಡಿನ ಹಿಂದಿನ ಮನೆಯಿಂದ ಮಜೀದಸಾಬನ ಹೆಂಡತಿ ಮಾಶಾಬಿ ಅದನ್ನು ನೋಡಿ, ಅವಳನ್ನು ಒಳಗೆ ಕರೆದು ಕೂರಿಸಿ ಬಿಸಿ ಎಣ್ಣೆ ತಿಕ್ಕಿದಳು. ಶಿವಕಾಂತಮ್ಮ ಹಲ್ಲು ಕಚ್ಚಿ ಕೂತಿದ್ದಳು, ಕಣ್ಣಲ್ಲಿ ನೀರು ಬಂದಿತ್ತು. ಮಾಶಾಬಿ ಗಂಡನ ಕಡೆ ತಿರುಗಿದಳು.

"ಊರ ಗಾಡಿ ಎಲ್ಲಾ ಸುದ್ದ ಮಾಡ್ತೀರಿ. ಈ ಬಡವೀದು ಒಂದಾ ನಿಮ್ಮ ಕೈಗೆ ಬಗ್ಗವಲ್ದೇನು?"

"ನಿನಗೇನ್ ತಿಳೀತದ, ಸುಮ್ನ ಕುಂದ್ರು!" ಎಂದು ಮಜೀದಸಾಬ ಹರಿಹಾಯ್ದ. ಅವನು ಹೆಂಡತಿಯ ಮೇಲೆ ಬೇರೆಯವರೆದುರು ದನಿ ಏರಿಸಿದ್ದು ಅದೇ ಮೊದಲು.

"ಬೈಬ್ಯಾಡೋ ಮಜೀದಣ್ಣ, ನಿಂದೇನು ತಪ್ಪದ?" ಎಂದಳು ಶಿವಕಾಂತಮ್ಮ.

ಅವಳೇನು ಸುಮ್ಮನೆ ಸೋಲುವವಳಲ್ಲ. ಗಾಡಿ ನಿಂತಿದ್ದಾಗಲೇ ಎರಡನೆಯ ಗೇರಿಗೆ ಹಾಕಿ, ಸೆಲ್ಫು ಒತ್ತಿ, ಗಾಡಿ ಜಿಗಿಯುತ್ತಲೇ ಹೊರಡುವುದನ್ನು ತಾನಾಗಿ ಕಂಡುಕೊಂಡಳು. ದಾರಿಯುದ್ದಕ್ಕೂ ಅದೇ ಗೇರು. ಎಂಜಿನ್ನು ಕುದಿಯುತ್ತಿತ್ತು, ಗಣಿ ಮುಟ್ಟುತ್ತಿದ್ದಳು, ಗೆರೆ ಬೀಳುತ್ತಿತ್ತು. ಯಾರೂ ಹೇಳಿಕೊಡದೆ ಕಲಿತ ಆ ಉಪಾಯ ಕಂಡು ಮಜೀದಸಾಬ ದಂಗಾದ. ಒಬ್ಬ ಒಳ್ಳೆಯ ಮೇಸ್ತ್ರಿಗೆ ಅಷ್ಟು ಹೊತ್ತಿಗೆ ಮನಸ್ಸು ಕರಗಬೇಕಿತ್ತು. ಇವನದು ಕರಗಲಿಲ್ಲ, ಇನ್ನೂ ಕಹಿಯಾಯಿತು.

"ಇನ್ನೂ ಹೋಗಾಕತ್ತಾಳಲ್ಲೋ!" ಎಂದು ಅಮೃತಪ್ಪ ಬಂದು ನಿಂತಾಗ, ಅವನು ಎರಡನೆಯ ಮಾತು ಹೇಳಿಸಿಕೊಳ್ಳಲಿಲ್ಲ. ಗಾಡಿ ಮತ್ತೆ ಶೆಡ್ಡಿಗೆ ಬಂದಾಗ ನಟ್ಟನ್ನು ಇನ್ನಷ್ಟು ಸಡಿಲಿಸಿದ. ಕೀಲಿನ ಸಲಾಕೆಯನ್ನು ಸುತ್ತಿಗೆಯಿಂದ ಒಂದೆಳೆ ಬಗ್ಗಿಸಿದ.

ಮರುದಿನ ಬೆಳಿಗ್ಗೆ ವಾಡಿಯ ರೈಲ್ವೆ ಗೇಟು ಹಾಕಿತ್ತು. ಗಾಡಿ ನಿಲ್ಲಿಸಿದಾಗ ಅವಳ ಎಂಜಿನ್ನು ಕೆಮ್ಮಿ ಸತ್ತಿತು, ಗೇರು ಹೇಗೋ ಜಾರಿ ಹೊರಬಂತು. ಗೂಡ್ಸು ಹೋಯಿತು, ಗೇಟು ತೆರೆಯಿತು. ಗೇರು ಬೀಳಲಿಲ್ಲ. ಹಿಂದೆ ಕಲ್ಲಿನ ಲಾರಿಗಳು ಹಾರ್ನು ಒತ್ತತೊಡಗಿದವು. ಅವಳು ಬಲಗೈಯಿಂದ ಎಡಗೈಯನ್ನು ಹಿಡಿದು, ಮೈಯ ಭಾರವನ್ನೆಲ್ಲ ಹಾಕಿ ಜಗ್ಗಿದಳು. ಕೋಲು ಅಲುಗಲಿಲ್ಲ, ಮಣಿಕಟ್ಟಿನಲ್ಲಿ ಏನೋ ಲಟಕ್ಕೆಂದಿತು. ಲಾರಿಯವರು ಇಳಿದು ಬಂದು, ನಗುತ್ತ, ಅವಳು ಒಳಗೆ ಕೂತಿರುವಂತೆಯೇ ಗಾಡಿಯನ್ನು ರಸ್ತೆಯ ಕೆಳಗೆ ನೂಕಿದರು. "ಒಲಿ ಊದೂದು ಬಿಟ್ಟು ಬಂದಾಳ ನೋಡು" ಎಂದ ಒಬ್ಬ. ಅವನು ಅವಳ ಗಣಿಯ ಕಲ್ಲನ್ನೇ ಹೇರಿಕೊಂಡು ಹೋಗುವವನು.

ಅಂದು ಗೆರೆ ಬೀಳಲಿಲ್ಲ. ಮುರಿದ ಕೈಗೆ ಬಿದಿರಿನ ಪಟ್ಟಿ ಕಟ್ಟಿಸಿಕೊಂಡು ಮಲಗಿದ ಅವಳು ಮರುದಿನವೂ ಹೋಗಲಿಲ್ಲ, ಅದರ ಮರುದಿನವೂ ಇಲ್ಲ. ಆಳುಗಳು ಬಿಸಿಲಲ್ಲಿ ಕೂತು ಕಾದು, ಹೊಟ್ಟೆಯ ಪಾಡು ನೋಡಿಕೊಂಡು ಬೇರೆ ಗಣಿಗಳಿಗೆ ಹೋದರು. ಉಗಾದಿಗೆ ಇನ್ನೂ ಹದಿನೈದು ದಿನವಿದ್ದರೂ ಹಿರಿಯರು ಕೂತು, ಬಾಯಲ್ಲಿ ಚುಚ್ಚುಚ್ಚು ಎಂದು, ಗಣಿಯನ್ನೂ ಗಾಡಿಯನ್ನೂ ಅಮೃತಪ್ಪನಿಗೆ ಒಪ್ಪಿಸಿದರು.

"ಈಗ ಸುದ್ದ ಮಾಡು" ಎಂದು ಅಮೃತಪ್ಪ ಗಾಡಿಯನ್ನು ಶೆಡ್ಡಿಗೆ ಎಳೆಸಿ ತಂದ. ಮಜೀದಸಾಬ ಸಲಾಕೆ ನೆಟ್ಟಗೆ ಮಾಡಿ, ನಟ್ಟು ಬಿಗಿದು, ಕೀಲುಗಳಿಗೆ ಗ್ರೀಸು ತುಂಬಿದ. ಮಾಶಾಬಿ ತಂದಿಟ್ಟ ಚಹಾ ಆರುವುದರೊಳಗೆ ಕೆಲಸ ಮುಗಿದಿತ್ತು.

ಮರುದಿನ ಅಮೃತಪ್ಪ ಅತ್ತಿಗೆಯನ್ನು ಜೊತೆಗೇ ಕರೆತಂದ. ಅಲ್ಲಿಂದ ಹಾಗೇ ಚಿತ್ತಾಪುರದ ಕಚೇರಿಗೆ ಹೋಗಿ ಗಣಿಯ ಕಾಗದಕ್ಕೆ ಅವಳ ಸಹಿ ಹಾಕಿಸಬೇಕಿತ್ತು. ಅವನು ಗಾಡಿ ಹತ್ತಿ ಒಂದು, ಎರಡು, ಮೂರು ಎಂದು ಬೆರಳ ತುದಿಯಲ್ಲಿ ಗೇರು ಹಾಕಿ ನೋಡಿದ. "ಬೆಣ್ಣಿ ಆಗ್ಯಾದಲ್ಲೋ!" ಎಂದು ನಕ್ಕು, ಗಾಡಿ ತಿರುಗಿಸಿಕೊಂಡು ಬರಲು ರಸ್ತೆಗಿಳಿದ. ಶೆಡ್ಡಿನಲ್ಲಿ ಮಜೀದಸಾಬ ಮತ್ತು ಅವಳು ಇಬ್ಬರೇ ಉಳಿದರು.

ಶಿವಕಾಂತಮ್ಮ ರಸ್ತೆಯ ಕಡೆಯೇ ನೋಡುತ್ತಿದ್ದಳು. ಎಡಗೈ ಬಿಳಿ ಬಟ್ಟೆಯಲ್ಲಿ ಕೊರಳಿಗೆ ಜೋತುಬಿದ್ದಿತ್ತು.

"ಖರೇ ಹೇಳು ಮಜೀದಣ್ಣ. ಗಾಡ್ಯಾಗ ಏನರೇ ಕೆಟ್ಟಿತ್ತೇನು? ಹೌದಂತ ಒಂದ್ಮಾತು ಅಂದ್ರ ಸಾಕು, ನಾ ಸಹಿ ಮಾಡಂಗಿಲ್ಲ. ಇಲ್ಲೇ ಕುಂದರ್ತೀನಿ, ಹಿರೇರ್ನ ಕರಸ್ತೀನಿ."

ಒಳಬಾಗಿಲಲ್ಲಿ ಮಾಶಾಬಿ ನಿಂತಿದ್ದಳು. ಮಜೀದಸಾಬ ಮೊದಲು ಹೆಂಡತಿಯನ್ನು ನೋಡಿದ, ಆಮೇಲೆ ತಗಡಿನ ಮಾಡನ್ನು.

"ಏನೂ ಕೆಟ್ಟಿದ್ದಿಲ್ರಿ ಅಕ್ಕೋರ. ನಿಮ್ಮ ಕೈದಾ."

ಹೊರಗೆ ಅಮೃತಪ್ಪ ಹಾರ್ನು ಒತ್ತಿದ.

"ಹಂಗಾರ ನಿನಗ ಸುಮ್ಮಸುಮ್ಮನ ಭಾಳ ತ್ರಾಸ ಕೊಟ್ಟೆ ನೋಡು. ಮನಸ್ಸಿನಾಗ ಇಟ್ಕೋಬ್ಯಾಡ" ಎಂದು ಹೇಳಿ, ಹೋಗಿ ಹಿಂದಿನ ಸೀಟಿನಲ್ಲಿ ಕೂತಳು.